ಓಬಯ್ಯ ಆರಿಸಿದ ಸೀಮೆಹಸು

ಹಸು ಆರಿಸುವುದನ್ನು ತನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ ಎಂದು ಓಬಯ್ಯ ಜಗಲಿಯ ಮೇಲೆ ಕೂತು ಘೋಷಿಸಿದ್ದು ಎಂಬತ್ತೆರಡನೇ ಇಸವಿಯ ಸಂಕ್ರಾಂತಿ ಕಳೆದ ವಾರ. ಸಣ್ಣ ರೈತರಿಗೆ ಸರ್ಕಾರದಿಂದ ಮನೆಗೊಂದು ಸೀಮೆಹಸು ಬರುತ್ತದೆಂಬ ಸುದ್ದಿ ಐ.ಡಿ.ಹಳ್ಳಿಯಿಂದ ಆಗಷ್ಟೇ ಅವನ ಗೊಲ್ಲರಹಟ್ಟಿಗೆ ತಲುಪಿತ್ತು.

"ದನ ಕಾಯ್ದ ವಂಸ ಕಣ್ಲಾ ನಮ್ದು. ಬಾಲ ನೋಡಿ ಹಾಲು ಹೇಳ್ತೀನಿ. ತಾಲ್ಲೂಕಿಗೇ ದೊಡ್ಡ ಹಸ ಈ ಹಟ್ಟಿಗೆ ಬರ್ದಿದ್ರೆ ಪೇಟ ಸುತ್ತೋದೇ ಬುಟ್ಬುಡ್ತೀನಿ," ಎಂದ.

ಒಂದೇ ತೊಡಕು. ಮನೆಯಲ್ಲಿ ಕರೆಯುವ ಹಸು ಇದ್ದವರಿಗೆ ಈ ಹಸು ಸಿಗುತ್ತಿರಲಿಲ್ಲ. ಓಬಯ್ಯನ ಕೊಟ್ಟಿಗೆಯಲ್ಲಿ ಕೆಂದಿ ಎಂಬ ನಾಟಿ ಹಸು ಇತ್ತು. ನ್ಯಾಯವಾಗಿ ಹೇಳಬೇಕೆಂದರೆ ಅದು ಅವನ ಹೆಂಡತಿ ಜುಂಜಮ್ಮನದು. ಮದುವೆಯಲ್ಲಿ ಅವಳ ಅಪ್ಪ ತವರಿನ ಮಂದೆಯಿಂದ ಒಂದು ಕಡಸು ಹೊಡೆದು ಕಳಿಸಿದ್ದ. ಕೆಂದಿ ಅದರ ಮಗಳ ಮಗಳು. ಹೊತ್ತಿಗೆ ಒಂದು ಸೇರು ಹಾಲು, ಅದೂ ಮನಸ್ಸಿದ್ದರೆ. ಆದರೆ ಬೆಳಗ್ಗೆ ತಾನೇ ಗುಡ್ಡಕ್ಕೆ ಹೋಗಿ, ಸಿಕ್ಕಿದ್ದು ಮೇಯ್ದು, ಸಂಜೆ ತಾನೇ ಬಂದು ಜುಂಜಮ್ಮನ ಸೆರಗು ಮೂಸುತ್ತಿತ್ತು. ಸತ್ತ ಅಪ್ಪನ ಕಡೆಯಿಂದ ಅವಳಿಗೆ ಉಳಿದಿದ್ದು ಅದೊಂದೇ.

"ಕೆಂದೀನ ಮಾರೋದಾದ್ರೆ ನನ್ನೂ ಮಾರ್ಬುಡು," ಎಂದಳು.

"ಮಾರೋರ್ಯಾರೇ? ನಿನ್ ತಮ್ಮ ಬೋರಣ್ಣನ ಮನೇಲಿ ಆರು ತಿಂಗಳು ಇರ್ಲಿ. ಆಮೇಲೆ ನಾನೇ ಹೊಡ್ಕೊಂಡ್ ಬತ್ತೀನಿ."

"ಆಣೆ ಮಾಡು."

ಜುಂಜಪ್ಪ ದೇವರ ಮೇಲೆ ಆಣೆಯಾಯಿತು. ಓಬಯ್ಯ ಕೆಂದಿಯನ್ನು ಸಿರಾ ಕಡೆಯ ಬಾಮೈದನ ಹಟ್ಟಿಗೆ ಹೊಡೆದುಕೊಂಡು ಹೋಗಿ ಕಟ್ಟಿದ. ಕಟ್ಟಿ ಸುಮ್ಮನೆ ಬಂದನೇ? ಅರ್ಧ ದಿನ ಅಲ್ಲೇ ಕೂತು, ಸರ್ಕಾರದ ಕಾನೂನನ್ನೂ ಅದಕ್ಕೆ ತಾನು ಹುಡುಕಿದ ಉಪಾಯವನ್ನೂ ವಿಸ್ತಾರವಾಗಿ ವರ್ಣಿಸಿ ಬಂದ.

ಮಧುಗಿರಿಯ ಬಯಲಿನಲ್ಲಿ ಹಂಚಲೆಂದು ಮೂವತ್ತು ಹಸು ಕಟ್ಟಿದ್ದರು. ಪಶುವೈದ್ಯ ಸಂಜೀವಯ್ಯ ಒಂದು ಕುಳ್ಳ ಕಂದು ಹಸುವಿನ ಬೆನ್ನು ತಟ್ಟಿ, "ನಿನಗಿರೋದು ಒಂದೂವರೆ ಎಕರೆ ಖುಷ್ಕಿ ಓಬಯ್ಯ. ಈ ಜರ್ಸಿ ಮಿಶ್ರತಳಿ ತಗೋ. ಕಮ್ಮಿ ತಿನ್ನುತ್ತೆ, ಬಿಸಿಲೂ ತಡ್ಕೊಳ್ಳುತ್ತೆ," ಎಂದರು.

ಓಬಯ್ಯನ ಕಣ್ಣು ಆಚೆ ನಿಂತಿದ್ದ ಆಳೆತ್ತರದ ಕಪ್ಪುಬಿಳುಪು ಎಚ್ಚೆಫ್ ತಳಿಯ ಹಸುವಿನ ಮೇಲಿತ್ತು. ಉಳುವ ಎತ್ತಿಗೆ ನೋಡುವುದನ್ನೆಲ್ಲ ಅದಕ್ಕೆ ನೋಡಿದ. ಸುಳಿ ಹುಡುಕಿದ, ಗೊರಸು ತಟ್ಟಿದ, ಬಾಲ ಅಳೆದ, ಬೆದರುತ್ತದೋ ಏನೋ ಎಂದು ಮುಖದ ಮುಂದೆ ಟವೆಲ್ ಬೀಸಿದ. ಕೆಚ್ಚಲೊಂದನ್ನು ನೋಡಲಿಲ್ಲ.

"ಆ ಕುಳ್ಳೀನ ನಿಮ್ ಆಪೀಸ್ನಾಗೆ ಕಟ್ಕಳಿ ಡಾಕ್ಟ್ರೇ. ನಂಗೆ ಎತ್ತರದ್ದು ಕೊಡಿ."

"ಅದು ತಿನ್ನೋ ಅಷ್ಟು ಮೇವು ನಿನ್ನ ಹೊಲದಲ್ಲಿ ಬೆಳೆಯಲ್ಲಪ್ಪ."

"ಹೊಲ ಯಾಕೆ? ಗುಡ್ಡ ಐತಲ್ಲ."

ಮೊದಲ ವಾರ ದಿನಕ್ಕೆ ಹತ್ತು ಲೀಟರು ಹಾಲು ಬಂತು. ಓಬಯ್ಯ ನೆಲ ನೋಡಿ ನಡೆಯುವುದನ್ನೇ ಮರೆತ. ಯುಗಾದಿಯ ಹೊತ್ತಿಗೆ ಒಂದು ವರ್ಷಕ್ಕೆ ಒಟ್ಟಿದ್ದ ರಾಗಿಹುಲ್ಲಿನ ಬಣವೆ ಬುಡ ಕಂಡಿತು. ಅದಕ್ಕೆ ಕುಡಿಯಲು, ಮೈಗೆ ಹುಯ್ಯಲು ಅಂತ ದಿನಕ್ಕೆ ಹದಿನಾರು ಕೊಡ ನೀರನ್ನು ಬೋರಿಂಗಿನಿಂದ ಹೊತ್ತು ಜುಂಜಮ್ಮನ ಸೊಂಟ ಬಿದ್ದುಹೋಯಿತು. ಓಬಯ್ಯ ಹೊರಲಿಲ್ಲ. ಅವನಿಗೆ ನೋಡಲು ಬಂದವರಿಗೆ ಹಸು ತೋರಿಸುವ ಕೆಲಸವಿತ್ತು.

ಗೂಟಕ್ಕೆ ಕಟ್ಟಿ ಮೇಯಿಸುವುದು ಹಟ್ಟಿಯ ಮರ್ಯಾದೆಗೆ ಕಡಿಮೆ. ಡಾಕ್ಟರು ಬೇಡವೆಂದರೂ ಓಬಯ್ಯ ಒಂದು ದಿನ ಅದನ್ನು ಎಲ್ಲರ ದನಗಳ ಜೊತೆ ಗುಡ್ಡಕ್ಕೆ ಹೊಡೆದ. ಮಹಾತಾಯಿ ಎರಡು ಫರ್ಲಾಂಗು ನಡೆದು, ಒಂದು ಜಾಲಿಮರದ ಕೆಳಗೆ ನಾಲಿಗೆ ಚಾಚಿ ಮಲಗಿಬಿಟ್ಟಳು. ಬಯ್ದರೂ ಏಳಲಿಲ್ಲ, ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ಎಂಟು ಜನ ಹಲಗೆ ಕೊಟ್ಟು ಚಿಕ್ಕನರಸಯ್ಯನ ಗಾಡಿಗೆ ಏರಿಸಿದರು. ಎರಡು ನಾಟಿ ಎತ್ತುಗಳು ತಾಲ್ಲೂಕಿನ ದೊಡ್ಡ ಹಸುವನ್ನು ಎಳೆದುಕೊಂಡು ಹಟ್ಟಿಯೊಳಗೆ ಬಂದವು. ಪಕ್ಕದ ಮನೆಯ ಕರಿಯಕ್ಕ ಬಾಗಿಲಲ್ಲೇ ನಿಂತಿದ್ದಳು.

"ಸವಾರಿ ಎಲ್ಲಿಗ್ ಹೋಗಿತ್ತು ಓಬಯ್ಯ?"

ಓಬಯ್ಯ ಗಾಡಿಯ ಆಚೆ ಪಕ್ಕಕ್ಕೆ ಸರಿದುಕೊಂಡ.

ಆ ಬಿಸಿಲಿಗೆ ಹಸುವಿಗೆ ಬಂದ ಜ್ವರ ವಾರದಲ್ಲಿ ಇಳಿಯಿತು, ಜೊತೆಗೆ ಹಾಲೂ ಇಳಿಯಿತು. ಐದು ಲೀಟರು, ಎರಡು, ಒಂದು. ಆಷಾಢದಲ್ಲಿ ಪೂರ್ತಿ ಬತ್ತಿತು. ಜುಂಜಮ್ಮ ಬಯ್ಯಲಿಲ್ಲ. ಖಾಲಿ ಚೊಂಬನ್ನು ಅವನ ಮುಂದೆ ಇಟ್ಟು, "ಆರು ತಿಂಗಳಾಯ್ತು. ನನ್ ಕೆಂದಿ ಹೊಡ್ಕೊಂಡ್ ಬಾ," ಎಂದಳು.

ಬೋರಣ್ಣನ ಕೊಟ್ಟಿಗೆಯಲ್ಲಿ ಗೂಟ ಮಾತ್ರ ಇತ್ತು. ಬೋರಣ್ಣ ನಗುನಗುತ್ತಾ ಕಾಲಿಗೆ ನೀರು ಕೊಟ್ಟ.

"ಹೋದ್ ತಿಂಗಳೇ ಮಾರ್ಬುಟ್ಟೆ ಬಾವ. ಕರೆಯೋ ಹಸ ಇದ್ರೆ ಸರ್ಕಾರ ಕೊಡಲ್ಲ ಅಂತ ನೀನೇ ಹೇಳಿದ್ದಲ್ವಾ? ಸಂತೇಲಿ ಯಾರೋ ಆಂಧ್ರದೋರು ಹೊಡ್ಕೊಂಡ್ ಹೋದ್ರು."

"ಅದು ನಿಮ್ಮಕ್ಕಂದು ಕಣ್ಲಾ."

"ಅಷ್ಟ್ ದೊಡ್ಡ ಹಸ ಮನೇಲಿರೋವಾಗ ಅಕ್ಕಂಗೆ ಅದ್ಯಾಕೆ ಅಂದ್ಕೊಂಡೆ." ಬೋರಣ್ಣನ ಮುಖ ಸ್ವಲ್ಪ ಬಾಡಿತು, ಮತ್ತೆ ಅರಳಿತು. "ನಾಡಿದ್ದು ನಂಗೂ ಹಸ ಕೊಡ್ತಾರೆ ಬಾವ. ನೀನೇ ಬಂದು ಆರಿಸ್ಕೊಡ್ಬೇಕು. ನಿನ್ನಂಗೆ ಕಣ್ಣಿರೋರು ಯಾರವ್ರೆ?"

ಓಬಯ್ಯ ಪಾವಗಡದವರೆಗೆ ಮೂರು ದಿನ ಅಲೆದ. ಕೆಂಪು ಹಸುಗಳು ಎಷ್ಟೋ ಕಂಡವು. ಕೆಂದಿ ಕಾಣಲಿಲ್ಲ.

ಮನೆಗೆ ಬಂದಾಗ ಜುಂಜಮ್ಮ ಕೊಟ್ಟಿಗೆ ಗುಡಿಸಿ, ಒಂದು ಹೊರೆ ಹಸಿಹುಲ್ಲು ತಂದಿಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಅವನ ಕೈಯಲ್ಲಿ ಹಗ್ಗವಿಲ್ಲದ್ದು ನೋಡಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವನು ನಡೆದದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೇಳುತ್ತಲೇ ಹುಲ್ಲಿನ ಹೊರೆ ಬಿಚ್ಚಿ ಬತ್ತಿದ ಸೀಮೆಹಸುವಿನ ಮುಂದೆ ಹರಡಿದಳು.

"ತಪ್ಪಾಯ್ತು ಕಣೇ," ಎಂದ ಓಬಯ್ಯ. "ಎತ್ತರ ನೋಡಿ ಮೋಸ ಹೋಗ್ಬುಟ್ಟೆ."

ಜುಂಜಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಆರಡಿ ಆಳು.

"ನಮ್ಮಪ್ಪನೂ ಇಂಗೇ ಮೋಸ ಹೋಗಿದ್ದು," ಎಂದಳು.