ಡಿಕ್ಕಿಯೊಳಗಿನ ಮೂರು ಬಡಿತ

ವಿಜ್ಞಾನ ಕಲಿಸುವ ಮಾಸ್ತರರಿಗೆ ದೆವ್ವದ ಭಯ ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇರುತ್ತದೆ. ಉಳಿದವರು ಹೆದರಿದರೆ ಬಾಯಿಬಿಟ್ಟು ಹೇಳಿಕೊಳ್ಳಬಹುದು. ನಾವು ಯಾರ ಮುಂದೆ ಹೇಳುವುದು? ಬೈಲಹೊಂಗಲದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ದೆವ್ವ ಇಲ್ಲವೆಂದು ಎದೆ ತಟ್ಟಿ ಹೇಳುತ್ತ ಬಂದ ನಾನು, ಕಳೆದ ಬೇಸಿಗೆಯಲ್ಲಿ ಹಾಡಹಗಲು ಹನ್ನೆರಡು ಗಂಟೆಗೆ, ನನ್ನದೇ ಕಾರಿನಲ್ಲಿ ಕೂತು, ಹಿಂದಿನ ಸೀಟಿನ ಕಡೆ ತಿರುಗದೆ "ಯಾರದು?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಬಂದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಕಾರಿನ ವಿಷಯ ಮೊದಲು ಹೇಳಬೇಕು. ನಲವತ್ತೈದು ದಾಟಿದ ಮೇಲೆ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ವೇಗದ ಹುಚ್ಚು ಬಂತು. ಬೆಳಗಾವಿಯಿಂದ ಟರ್ಬೊ ಎಂಜಿನ್ನಿನ ಕೆಂಪು ಸೆಕೆಂಡ್ ಹ್ಯಾಂಡ್ ಕಾರು ತಂದೆ. ಅವ್ವ ಹಿಂದಿನ ಎಡಗಡೆ ಸೀಟಿನಲ್ಲಿ ಕೂತು ಪ್ರತಿ ತಿರುವಿಗೂ "ಸಾವಕಾಶ ಹೊಡಿಯಪಾ, ಊರೇನು ಓಡಿ ಹೊಂಟೈತೇನು?" ಎನ್ನುತ್ತಿದ್ದಳು. ನಾನು ಹೂಂ ಎಂದು ಇನ್ನಷ್ಟು ಒತ್ತುತ್ತಿದ್ದೆ. ಹೆಂಡತಿ ಸುನಂದಾ ಏನೂ ಅನ್ನುತ್ತಿರಲಿಲ್ಲ. ನನ್ನ ಕಾರು ಓಣಿಯೊಳಗೆ ಬಂದ ಸದ್ದು ಕೇಳುವತನಕ ಹಂಚಿನ ಮೇಲೆ ರೊಟ್ಟಿ ಹಾಕುತ್ತಿರಲಿಲ್ಲ, ಅಷ್ಟೇ. ನನಗೆ ಬಿಸಿ ರೊಟ್ಟಿ ತಿನ್ನಿಸುವ ಪ್ರೀತಿ ಅದು ಎಂದು ನಾನು ತಿಳಿದುಕೊಂಡಿದ್ದೆ.

ಅವ್ವ ತೀರಿಕೊಂಡು ಐದು ತಿಂಗಳಾಗಿತ್ತು. ಸುರೇಬಾನದ ನನ್ನ ಸೋದರತ್ತೆಯ ಮನೆಗೆ ಒಬ್ಬನೇ ಹೊರಟಿದ್ದೆ. ಕಟಕೋಳ ದಾಟಿದ ಮೇಲೆ ಎರಡೂ ಕಡೆ ಬರೀ ಕೂಳೆ ಹೊಲ, ಒಂದು ಕುರಿಯೂ ಇಲ್ಲ, ಬಿಸಿಗಾಳಿ ಬಿಟ್ಟರೆ ಸದ್ದಿಲ್ಲ. ತಿರುವಿನಲ್ಲಿ ಜೋರಾಗಿ ತಿರುಗಿಸಿದೆ. ಹಿಂದಿನಿಂದ ಟಕ್, ಟಕ್, ಸ್ವಲ್ಪ ತಡೆದು ಇನ್ನೊಮ್ಮೆ ಟಕ್. ನನಗೆ ಶಾಲೆಗೆ ತಡವಾದಾಗ ಅವ್ವ ಬಚ್ಚಲಮನೆಯ ಬಾಗಿಲು ಬಡಿಯುತ್ತಿದ್ದದ್ದು ಹೀಗೆಯೇ. ಕನ್ನಡಿಯಲ್ಲಿ ನೋಡಿದೆ. ಅವಳು ಎಡಗಡೆ ಮಡಚಿಟ್ಟಿದ್ದ ಶಾಲು, ತೆಗೆಯಲು ಯಾರಿಗೂ ಮನಸ್ಸಾಗದೆ ಹಾಗೇ ಉಳಿದಿದ್ದ ಶಾಲು, ಸೀಟಿನ ನಡುವಿಗೆ ಸರಿದಿತ್ತು. ಮುಂದೆ ಏನಾಗುತ್ತಿದೆ ಎಂದು ನೋಡಲು ಯಾರೋ ನಡುವಿಗೆ ಸರಿದು ಕೂತ ಹಾಗಿತ್ತು. ನಾನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ, ಕಾರಿನ ಮಾಡು ನೋಡುತ್ತ ಸುರೇಬಾನ ಮುಟ್ಟಿದೆ.

ವಿಜ್ಞಾನದ ಮಾಸ್ತರ ಇದಕ್ಕೊಂದು ಕಾರಣ ಹುಡುಕಲೇಬೇಕಲ್ಲ! ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಹುಡುಕಿದೆ. ಜೋರಾಗಿ ತಿರುಗುವಾಗ ಕಾರಿನ ಚಾಸಿ, ಅಂದರೆ ಅದರ ಕಬ್ಬಿಣದ ಚೌಕಟ್ಟು, ಹಿಂಭಾಗದಲ್ಲಿ ತುಸು ತಿರುಚಿ ಸದ್ದು ಮಾಡುತ್ತದೆ; ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳ ನೆತ್ತಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಬಿಗಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಬ್ರೇಸ್ ಅನ್ನುತ್ತಾರೆ. ನನ್ನ ದೆವ್ವಕ್ಕೆ ಇಷ್ಟು ಸುಲಭದ ಔಷಧ ಸಿಕ್ಕಿದ್ದಕ್ಕೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮುರಗೋಡದಲ್ಲಿ ಕಬ್ಬಿನ ಟ್ರೇಲರ್ ಕಟ್ಟುವ ದಸ್ತಗೀರಸಾಬರ ಹತ್ತಿರ ಹೋದೆ. ನಾನು ಬರೆದುಕೊಂಡು ಹೋದ ಚಿತ್ರ ನೋಡಿ ಅವರು, "ಸರ್ರ, ಇದಕ್ಕ ನೀವು ಕಬ್ಬು ಹೇರವರೇನ್ರಿ?" ಎಂದರು. ಅಲ್ಲವೆಂದೆ. "ಮತ್ತ ಇಷ್ಟ್ಯಾಕ ಗಟ್ಟಿ ಬೇಕ್ರಿ?" ನಾನು ಚಾಸಿಯ ತಿರುಚುವಿಕೆಯ ಬಗ್ಗೆ ಪಾಠ ಶುರು ಮಾಡಿದೆ. ಅವರು ಪಾಠ ಮುಗಿಯುವ ಮೊದಲೇ ಅಳತೆ ತೆಗೆಯಲು ಡಿಕ್ಕಿಯ ಹಾಸು ಎತ್ತಿದರು. ಎತ್ತಿದವರು ಹಾಗೇ ನಿಂತರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದರು.

ಸ್ಟೆಪ್ನಿ ಇಡುವ ಕುಳಿಯಲ್ಲಿ, ಗಾಲಿಯ ಸುತ್ತ, ಕಪ್ಪಗೆ ಒಣಗಿದ ನಿಂಬೆಹಣ್ಣುಗಳು. ಕಲ್ಲಿನಷ್ಟು ಗಟ್ಟಿ. ಒಂದೊಂದಕ್ಕೂ ಕುಂಕುಮ, ಒಂದೊಂದಕ್ಕೂ ಕೆಂಪು ದಾರ. ಅವುಗಳ ನಡುವೆ ಒಂದು ಮಾತ್ರ ಹಸಿರಾಗಿ, ಮೊನ್ನೆ ತಾನೇ ಸಂತೆಯಿಂದ ತಂದಂತೆ ಹೊಳೆಯುತ್ತಿತ್ತು.

"ಸರ್ರ, ನಾ ಇದನ್ನ ಮುಟ್ಟಾಂಗಿಲ್ಲ," ಎಂದರು ದಸ್ತಗೀರಸಾಬರು. "ಈ ಹಸೀ ಹಣ್ಣಿಟ್ಟು ಎಂಟು ದಿವಸಾ ಆಗಿಲ್ಲ. ನಿಮಗ ಆಗದವರು ಯಾರರ ಅದಾರೇನ್ರಿ?"

ಮಾಟ! ಕಾರಿನ ಕೀಲಿ ಮನೆಯ ಬಾಗಿಲ ಹಿಂದಿನ ಮೊಳೆಯನ್ನು ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಅಂದರೆ ಯಾರೋ ಮನೆಯೊಳಗೇ ಬಂದಿದ್ದಾರೆ. ನಮ್ಮ ಶಾಲೆಯ ಗಣಿತದ ಮಾಸ್ತರರಿಗೆ ಮಗಳ ನಿಶ್ಚಯಕ್ಕೆ ಕಾರು ಕೊಟ್ಟಿರಲಿಲ್ಲ. ಅವರ ಮುಖ ಕಣ್ಣ ಮುಂದೆ ಬಂತು. ಸುನಂದಾಗೆ ಫೋನ್ ಹಚ್ಚಿ ಎಲ್ಲ ಹೇಳಿದೆ.

"ಚೆಲ್ಲಬ್ಯಾಡ್ರಿ," ಎಂದಳು. "ಅತ್ತಿ ಇಡತಿದ್ರು, ಅಮಾಸಿಗೊಂದು. ನಿಮಗ ಹೇಳಿದ್ರ ನಗತೀರಿ ಅಂತ ಹೇಳಿದ್ದಿಲ್ಲ. ಹೋಗೂ ಮುಂಚೆ ನನ್ನ ಕೈ ಹಿಡಿದು, 'ಅಂವಾ ಗಾಡಿ ಹತ್ತಿದ್ರ ಅಂವಗ ಮೈಮ್ಯಾಲೆ ಖಬರ ಇರೂದಿಲ್ಲ, ಇನ್ನ ಮ್ಯಾಲೆ ನೀನಽ ಇಡವಾ' ಅಂದ್ರು. ಅದಕ್ಕ ಇಡಾಕತ್ತೇನಿ." ಸುನಂದಾ ಎಂ.ಎಸ್ಸಿ. ನನಗಿಂತ ಹೆಚ್ಚು ಓದಿದವಳು.

ತಿರುವಿನಲ್ಲಿ ಉರುಳಿ ಬಡಿಯುತ್ತಿದ್ದದ್ದು ಈ ಹಣ್ಣುಗಳೇ; ನಾನು ನಗಬೇಕಾಗಿತ್ತು. ನಗು ಬರಲಿಲ್ಲ. ದಸ್ತಗೀರಸಾಬರು ಹೋಗಿ ಒಂದು ಒಗೆದ ವಸ್ತ್ರ ತಂದುಕೊಟ್ಟರು. ಅದರಲ್ಲಿ ನಿಂಬೆಹಣ್ಣು ಕಟ್ಟಿಕೊಂಡೆ. ಅವರು ಬ್ರೇಸ್ ಕೂಡಿಸಿ ನಟ್ ಬಿಗಿದರು. ಚೆಲ್ಲುವ ಬದಲು ಆ ಗಂಟನ್ನು ದೇವರ ಹೂವಿನ ಹಾಗೆ ಮಲಪ್ರಭಾ ಹೊಳೆಯಲ್ಲಿ ಬಿಟ್ಟುಬಂದೆ.

ಮುಂದಿನ ಸಲ ಕಟಕೋಳದ ತಿರುವಿನಲ್ಲಿ ಕಾರಿನ ಹಿಂಭಾಗ ಕೂದಲೆಳೆಯಷ್ಟೂ ಕದಲಲಿಲ್ಲ. ಸದ್ದೂ ಇಲ್ಲ. ಇದನ್ನೇ ಅಲ್ಲವೇ ನಾನು ಬಯಸಿದ್ದು? ಆದರೂ ಆ ಮೌನದಲ್ಲಿ ಮೈಮೇಲೆ ಮುಳ್ಳು ಎದ್ದವು. ಇನ್ನು ನನಗೆ ಸಾವಕಾಶ ಅನ್ನುವವರು ಯಾರೂ ಇರಲಿಲ್ಲ.

ಅಮಾವಾಸ್ಯೆಯ ದಿನ ಶಾಲೆ ಬಿಟ್ಟ ಮೇಲೆ ಬಜಾರಿಗೆ ಹೋಗಿ ಒಂದೇ ಒಂದು ನಿಂಬೆಹಣ್ಣು ಕೊಂಡೆ. ಕಳ್ಳನ ಹಾಗೆ ಆಚೀಚೆ ನೋಡಿ ಡಿಕ್ಕಿಯ ಹಾಸು ಎತ್ತಿದೆ. ಸುನಂದಾ ಇಟ್ಟ ಹಣ್ಣು ಆಗಲೇ ಅಲ್ಲಿ ಕೂತಿತ್ತು. ಅದರ ಪಕ್ಕ ನನ್ನದನ್ನೂ ಇಟ್ಟು, ಯಾರಿಗೂ ಹೇಳಲಿಲ್ಲ.

ಬೇಸಿಗೆಯ ಬಿಸಿಲಿಗೆ ಡಿಕ್ಕಿ ಕಾದು, ಮೂರು ವಾರದಲ್ಲಿ ಎರಡೂ ಒಣಗಿ ಗಟ್ಟಿಯಾಗಿರಬೇಕು. ಗಣಿತದ ಮಾಸ್ತರರನ್ನು ಪಕ್ಕದಲ್ಲಿ ಕೂಡಿಸಿಕೊಂಡು ರಾಮದುರ್ಗಕ್ಕೆ ಹೊರಟಿದ್ದೆ. ಅದೇ ತಿರುವಿನಲ್ಲಿ ಹಿಂದಿನಿಂದ ಟಕ್, ಟಕ್. ಸ್ವಲ್ಪ ತಡೆದು ಇನ್ನೊಮ್ಮೆ ಟಕ್. ಒಳಗಿದ್ದದ್ದು ಎರಡೇ ಹಣ್ಣು. ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಬಿಟ್ಟಿತು.

"ಅದೇನ್ರಿ ಸಪ್ಪಳಾ?" ಎಂದರು ಗಣಿತದ ಮಾಸ್ತರರು, ಹಿಂದೆ ತಿರುಗಿ ನೋಡುತ್ತ.

"ಏನಿಲ್ರಿ," ಎಂದೆ, ಕನ್ನಡಿಯನ್ನು ಮೆಲ್ಲಗೆ ಕೆಳಗಿಳಿಸಿ ಹಿಂದಿನ ಸೀಟು ಕಾಣುವ ಹಾಗೆ ಮಾಡುತ್ತ. "ಚಾಸಿ ಸಡಿಲ ಆಗೇತಿ. ಇನ್ನೊಂದು ಬ್ರೇಸ್ ಹಾಕಸಬೇಕು."