ಸಾಸಿವೆ ಸ್ವರ, ಕುಂಬಳ ಸ್ವರ

ಅಕ್ಕನ ಕೈಯಲ್ಲಿದ್ದ ಸ್ವರಪತ್ರ ಸಾಸಿವೆ ಚೆಲ್ಲಿದ ನೆಲದಂತಿತ್ತು.

"ಏನೋ ಮೂಟೆ, ಇದು ಸ್ವರಾನಾ, ಇರುವೆ ಸಾಲಾ? ಸಂಜೆ ನನ್ನ ಮಕ್ಕಳು ಹಾಡ್ಬೇಕು. ಎಲ್ಲರ ಕೈಗೂ ಭೂತಗನ್ನಡಿ ಕೊಡ್ಲಾ?"

ಅಕ್ಕ ಸಂಗೀತದ ಮೇಷ್ಟ್ರು. ಮೂಟೆ ಎಂಬುದು ತಮ್ಮನಿಗೆ ಅವಳಿಟ್ಟ ಹೆಸರು. ಯಾರು ಯಾರೋ ಬರೆದು ಪುಕ್ಕಟೆಯಾಗಿ ಹಂಚುವ ಮುಕ್ತ ತಂತ್ರಾಂಶಗಳನ್ನು ಒಂದಕ್ಕೊಂದು ಹೊಂದಿಸಿ, ಕಟ್ಟಿ, ಜನರ ಕಂಪ್ಯೂಟರುಗಳಿಗೆ ಕಳುಹಿಸುವುದು ಅವನ ಕೆಲಸ. ಅಕ್ಕನ ಸ್ವರ ಬರೆಯುವ ತಂತ್ರಾಂಶವೂ ಕೆಳಗಿನ ಅಂಗಡಿಯ ಫೋಟೋಗ್ರಾಫರನ ಆಲ್ಬಂ ತಂತ್ರಾಂಶವೂ ಅಕ್ಷರದ ಅಳತೆಗೆ ಒಂದೇ ಲೈಬ್ರರಿಯನ್ನು, ಅಂದರೆ ಇನ್ನೊಬ್ಬರು ಬರೆದಿಟ್ಟ ಒಂದೇ ಸಿದ್ಧ ತಂತ್ರಾಂಶದ ತುಣುಕನ್ನು, ನಂಬಿದ್ದವು, ಎರಡು ಮನೆಯವರು ಒಂದೇ ನಲ್ಲಿಗೆ ಕೊಡ ಹಿಡಿದಂತೆ. ಈಗ ಆ ಲೈಬ್ರರಿಯ ಹೊಸ ಆವೃತ್ತಿ ಬಂದು, ಅಳತೆಗೋಲೇ ಬದಲಾಗಿತ್ತು. ಹೊಸದು ಬಂದೊಡನೆ ತಾನಾಗಿ ಎಲ್ಲರಿಗೂ ತಲುಪಲೆಂದು ಏರ್ಪಾಡು ಮಾಡಿದ್ದವನೂ ಮೂಟೆಯೇ.

ಅವನು ಲೈಬ್ರರಿಯ ಕರ್ತೃವಿಗೆ, ಅಕ್ಕನ ಮಕ್ಕಳ ಸಂಜೆಯ ಹಾಡಿನ ವಿಷಯವನ್ನೂ ಸೇರಿಸಿ, ವಿನಯದಿಂದ ಒಂದು ದೂರು ಬರೆದ. ಉತ್ತರಕ್ಕೆ ಕಾಯಲು ಪುರುಸೊತ್ತಿಲ್ಲದೆ, ಹಳೆಯ ಆವೃತ್ತಿಯನ್ನೇ ಮತ್ತೆ ಎಲ್ಲರಿಗೂ ಕಳುಹಿಸಿದ. ಸ್ವರಗಳು ಸರಿಹೋದವು. ಫೋಟೋಗ್ರಾಫರ್ ಮೆಟ್ಟಿಲು ಹತ್ತಿ ಬಂದ.

"ಸಾರ್, ಆಲ್ಬಂನಲ್ಲಿ ಆ ಹುಡುಗಿ ಮುಖದ ಮೇಲೇ ಅವಳ ಹೆಸರು ಕೂತಿದೆ. ಬೆಳಿಗ್ಗೆ ಚೆನ್ನಾಗಿತ್ತು. ಜನ ನನ್ನ ಹತ್ರ ಬರೋದು ಮುಖ ತೋರಿಸೋಕೆ ತಾನೇ?"

ಅವನ ತಂತ್ರಾಂಶ ಆಗಲೇ ಹೊಸ ಅಳತೆಗೆ ಒಗ್ಗಿಹೋಗಿತ್ತು.

"ಇಬ್ಬರಿಗೂ ಬೇರೆ ಬೇರೆ ಲೈಬ್ರರಿ ಕೊಟ್ಬಿಡೋ, ಜಗಳ ಮುಗೀತು," ಎಂದಳು ಅಕ್ಕ.

"ಹಾಗೆ ಕೊಡ್ತಾ ಹೋದ್ರೆ, ನಾಳೆ ಒಂದು ದೋಷ ಸಿಕ್ಕಿದ್ರೆ ಎಲ್ಲ ಪ್ರತೀನೂ ಹುಡುಕಿ ತಿದ್ದಬೇಕಾಗುತ್ತೆ ಅಕ್ಕ. ನಮ್ಮಲ್ಲಿ ಎಲ್ಲರಿಗೂ ಸೇರಿ ಒಂದೇ."

ಹೊಸ ಆವೃತ್ತಿಯನ್ನೇ ಮರಳಿ ತಂದು, ಅಕ್ಕನ ತಂತ್ರಾಂಶವನ್ನು ತಿದ್ದಲು ಕುಳಿತ. ಒಳಹೊಕ್ಕು ನೋಡಿದ. ಅದನ್ನು ಬರೆದ ಅಪರಿಚಿತ, ಮುಂದೊಂದು ದಿನ ಯಾರೋ ಬಂದು ತಡಕಾಡಬಹುದೆಂದು ಪ್ರತಿ ಅಳತೆಯ ಪಕ್ಕದಲ್ಲೂ ಅದರ ಕಾರಣವನ್ನು ಬರೆದಿಟ್ಟಿದ್ದ. ಸಂಬಳವಿಲ್ಲ, ಸನ್ಮಾನವಿಲ್ಲ, ಆದರೂ ಮಗಳ ಜಡೆ ಹೆಣೆದಷ್ಟು ಅಚ್ಚುಕಟ್ಟು. ಮೂಟೆ ಮನಸ್ಸಿನಲ್ಲೇ ಕೈಮುಗಿದು, ಹೊಸ ಅಳತೆಗೆ ತಕ್ಕಂತೆ ಸ್ವರಗಳನ್ನು ಹಿಗ್ಗಿಸಿದ. ಒಂದು ಹಾಳೆ ಅಚ್ಚಾಗಿ ಬಂತು, ಮುತ್ತು ಪೋಣಿಸಿದಂತಿತ್ತು.

"ಪರವಾಗಿಲ್ಲ ಕಣೋ, ನಿಂಗೂ ಒಂದು ವಿದ್ಯೆ ಒಲಿದಿದೆ," ಎಂದು ಅಕ್ಕ ಮಕ್ಕಳಿಗೆಲ್ಲ ಪ್ರತಿ ತೆಗೆಯಲು ಹೋದಳು.

ಮೂಟೆ ಕಾಲು ಚಾಚಿ ಕಂಪ್ಯೂಟರಿನಲ್ಲಿ ಟಪಾಲು ತೆರೆದ. ಲೈಬ್ರರಿಯ ಕರ್ತೃ ಉತ್ತರಿಸಿದ್ದ: "ನಿಮ್ಮ ದೂರು ಓದಿ ಮನಸ್ಸು ತಡೆಯಲಿಲ್ಲ. ಊಟ ಬಿಟ್ಟು ಕುಳಿತು ಹಳೆಯ ಅಳತೆಯನ್ನೇ ಮರಳಿಸಿ, ಹೊಸ ಆವೃತ್ತಿ ಬಿಟ್ಟಿದ್ದೇನೆ. ಅಕ್ಕನವರ ಮಕ್ಕಳು ಚೆನ್ನಾಗಿ ಹಾಡಲಿ."

ಮೂಟೆಯ ಕಾಲು ತಾನಾಗಿ ಮಡಚಿಕೊಂಡಿತು. ಅವನದೇ ಏರ್ಪಾಡಿನಂತೆ ಆ ಹಳೆಯ ಅಳತೆ ಆಗಲೇ ಎಲ್ಲರಿಗೂ, ಅವನು ಹಿಗ್ಗಿಸಿದ ಸ್ವರಗಳಿಗೂ, ತಲುಪಿತ್ತು. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದಳು, ತೋಳ ತುಂಬ ಕಾಗದ. ಹಾಳೆಗೊಂದೇ ಸ್ವರ, ಒಂದೊಂದೂ ಕುಂಬಳಕಾಯಿಯಷ್ಟು. ಅವಳ ಬೆನ್ನ ಹಿಂದೆ ಆಲ್ಬಂ ಹಿಡಿದ ಫೋಟೋಗ್ರಾಫರ್.

"ಮಕ್ಕಳೇನು ತಲೆಗೊಂದು ಸ್ವರ ಹೊತ್ಕೊಂಡು ಸಾಲಾಗಿ ನಿಂತ್ಕೋಬೇಕಾ? ಯಾರೋ ಮತ್ತೆ ಅಳತೆ ಕೆಡಿಸಿದಾನೆ. ಅವನಿಗೊಂದು ದೂರು ಬರೀಬಾರ್ದೇನೋ?"

"ಬರೆದಿದ್ದೆ ಅಕ್ಕ," ಎಂದ ಮೂಟೆ. "ಅದಕ್ಕೇ ಹೀಗಾಗಿದ್ದು."