ನಾಲ್ಕು ಹೆಸರು ಅಳಿಸಿದ ತಪ್ಪಿಗೆ

ಅರ್ಧ ತುಂಬಿದ ಎರಡು ಡಬ್ಬಿಗಳು ಅಕ್ಕಪಕ್ಕದಲ್ಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಸುರಿದು, ಖಾಲಿಯಾದದ್ದನ್ನು ತೊಳೆದು ಬೋರಲು ಹಾಕಿದರೇ ನೆಮ್ಮದಿ. ಇದನ್ನು ನಾನು ಅಚ್ಚುಕಟ್ಟು ಎನ್ನುತ್ತೇನೆ, ನನ್ನ ಗಂಡ ಶ್ರೀಧರ ಕಾಯಿಲೆ ಎನ್ನುತ್ತಾರೆ. ಅವರು ಹಾಗೆನ್ನುವುದಕ್ಕೂ ಕಾರಣವಿದೆ. ಒಮ್ಮೆ ಮೈಸೂರಿನಿಂದ ತಂದಿದ್ದ ಸೀಗೇಪುಡಿಯನ್ನು ಮೆಂತ್ಯದ ಹಿಟ್ಟಿನ ಡಬ್ಬಿಗೆ ಸುರಿದುಬಿಟ್ಟಿದ್ದೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಅದನ್ನು ಕಲಸಿಕೊಂಡವರು ಶ್ರೀಧರ. ಮೂರನೆಯ ತುತ್ತಿಗೆ, "ವನಜಾ, ಬಾಯಲ್ಲಿ ನೊರೆ ಬರ್ತಿದೆ ಕಣೇ," ಎಂದರು. ಆ ಗಾಬರಿಯಲ್ಲೂ ನನಗೆ ಮೊದಲು ಹೊಳೆದದ್ದು, ಒಂದು ಡಬ್ಬಿಯಂತೂ ಖಾಲಿಯಾಯಿತಲ್ಲ ಎಂದೇ.

ಇಂಥವಳಿಗೆ ಹ್ಯೂಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಕೊಟ್ಟಿದ್ದರು. ಆಸ್ಪತ್ರೆಗಳೆಲ್ಲ ಕಾಗದದ ಫೈಲು ಬಿಟ್ಟು ಕಂಪ್ಯೂಟರಿಗೆ ಶಿಫ್ಟ್ ಆಗುತ್ತಿದ್ದ ವರ್ಷಗಳವು. ಯಾವ ರೋಗಿ ಯಾವ ಭಾಷೆ ಆಡುತ್ತಾರೆ ಎಂಬ ಪಟ್ಟಿಯನ್ನು ನನ್ನ ಮುಂದಿಟ್ಟು, ಒಂದೇ ಭಾಷೆ ಎರಡೆರಡು ಸಲ ಬಂದಿದ್ದರೆ ತೆಗೆದುಹಾಕು ಎಂದರು. ಹಸಿದವಳಿಗೆ ಎಲೆ ಹಾಕಿ ಬಡಿಸಿದ ಹಾಗಾಯಿತು. ಎರಡನೆಯ ದಿನ ಒಂದು ಕಡೆ ಫುಲಾ ಎಂದು ಕಂಡಿತು. ಅದರ ಕೆಳಗೆ ಫುಲಾನಿ, ಮುಂದೆಲ್ಲೋ ಪಲ್, ಇನ್ನೆಲ್ಲೋ ಪುಲಾರ್, ಫುಲ್‌ಫುಲ್ದೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಐದೂ ಪಶ್ಚಿಮ ಆಫ್ರಿಕಾದ ಒಂದೇ ಜನದ ಸುತ್ತಮುತ್ತಲ ಹೆಸರುಗಳು. ನೆರೆಯ ಹೌಸಾ ಜನ ಅವರನ್ನು ಫುಲಾನಿ ಎಂದರು, ಫ್ರೆಂಚರು ವೊಲೊಫ್ ಜನರಿಂದ ಕೇಳಿ ಪಲ್ ಎಂದು ಬರೆದುಕೊಂಡರು, ಹೀಗೆ. ಅಷ್ಟು ಸಾಕಾಯಿತು. ಫುಲಾನಿಯನ್ನು ಉಳಿಸಿ ನಾಲ್ಕನ್ನು ಅಳಿಸಿದೆ. ಅಳಿಸುವ ಮುಂಚೆ ಕಂಪ್ಯೂಟರು ಪ್ರತಿ ಸಲವೂ, ಖಂಡಿತವಾಗಿಯೂ ಅಳಿಸಬೇಕೇ ಎಂದು ಕೇಳಿತು. ನಾಲ್ಕು ಸಲವೂ ಹೌದು ಎಂದೆ. ಅವತ್ತು ಮನೆಗೆ ಹಾಡಿಕೊಂಡು ಡ್ರೈವ್ ಮಾಡಿದೆ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಡಾಕ್ಟರ್ ಕುಲಕರ್ಣಿ ಫೋನ್ ಮಾಡಿದರು. ಧಾರವಾಡದವರು, ನಮ್ಮಲ್ಲಿ ಹಿರಿಯ ಸರ್ಜನ್. "ವನಜಾ ಅವರ, ಸ್ವಲ್ಪ ನಾಲ್ಕನೇ ಮಾಳಿಗಿಗೆ ಬರ್ರಿ. ನಿಮ್ಮ ಪಟ್ಟಿ ಏನ್ ಮಾಡೇದ ನೋಡ್ರಿ."

ಹೋದೆ. ಕೋಣೆಯಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಹೊದಿಕೆ ಎಳೆದುಕೊಂಡು ಯಾರೋ ಮಲಗಿದ್ದರು. ಹೆಣವೆಂದೇ ತಿಳಿದೆ. ಆಮೇಲೆ ನೋಡಿದರೆ ಬಾಯಿಯ ಹತ್ತಿರ ಬಟ್ಟೆ ಒಳಕ್ಕೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ಅವರ ಹೆಸರು ಮರಿಯಾಮಾ, ಎಪ್ಪತ್ತು ದಾಟಿದ ಹೆಂಗಸು, ಗಿನಿ ದೇಶದ ಗುಡ್ಡಗಾಡಿನವರು. ಮಗನ ಜೊತೆ ಹ್ಯೂಸ್ಟನ್ನಿನಲ್ಲಿರಲು ಬಂದು ಆರು ತಿಂಗಳಾಗಿತ್ತು. ಮಗ ಇಬ್ರಾಹಿಮಾ ಟ್ರಕ್ ಓಡಿಸುವವನು, ಅವತ್ತು ಡಾಲಸ್‌ನಲ್ಲಿದ್ದ. ಪಿತ್ತಕೋಶದ ನೋವು ತಡೆಯಲಾರದೆ ಕೂಗಿಕೊಂಡ ಅವರನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ತಂದು ಬಿಟ್ಟಿದ್ದರು. ನರ್ಸು ಕಂಪ್ಯೂಟರ್ ನೋಡಿದಳು, ಇದ್ದದ್ದು ಫುಲಾನಿ ಒಂದೇ. ಅದನ್ನು ಒತ್ತಿದಾಗ ಫೋನಿನಲ್ಲಿ ಸಿಕ್ಕ ದುಭಾಷಿ ಗಿನಿಯವನಲ್ಲ. ಅಲ್ಲಿಂದ ಬಲು ದೂರದ, ಕ್ಯಾಮರೂನಿನ ಉತ್ತರದವನು. ಚಕ್ರದ ಸ್ಟ್ಯಾಂಡಿನ ಮೇಲಿನ ಸ್ಪೀಕರ್ ಫೋನಿನಿಂದ ಆತ ಎರಡು ಮಾತು ಆಡಿದ್ದೇ ತಡ, ಮರಿಯಾಮಾ ಅದೇನೋ ಒಂದು ವಾಕ್ಯ ಹೇಳಿ ಮುಖ ಮುಚ್ಚಿಕೊಂಡರಂತೆ. ಆಮೇಲೆ ನೀರೂ ಇಲ್ಲ, ಮಾತೂ ಇಲ್ಲ.

"ಸಂಜೀತನಕ ಕಾಯೂದು ಕಷ್ಟದ," ಎಂದರು ಕುಲಕರ್ಣಿ. "ಅಕಿ ಹೂಂ ಅನ್ನದ ನಾ ಹೆಂಗ ಕತ್ತರಿ ಹಾಕ್ಲಿ?"

ಮಗನಿಗೆ ಫೋನ್ ಮಾಡಿ ಅದೇ ಸ್ಪೀಕರಿನಲ್ಲಿ ಮಾತಾಡಿಸಿದೆವು. ಅವನು ಅಮ್ಮಾ ಅಮ್ಮಾ ಎಂದು ಕರೆದಷ್ಟೂ ಹೊದಿಕೆಯ ಕೆಳಗಿನ ದೇಹ ಮುದುಡುತ್ತಾ ಹೋಯಿತು. ಕೊನೆಗೊಮ್ಮೆ ಒಳಗಿನಿಂದ ಪಿಸುಮಾತು ಕೇಳಿತು. "ಏನಂದ್ರು?" ಎಂದು ಕೇಳಿದೆ.

"ಅಮ್ಮ ನನ್ನ ಹತ್ತಿರ ಮಾತಾಡ್ತಿಲ್ಲ," ಎಂದ ಅವನು ಇಂಗ್ಲಿಷಿನಲ್ಲಿ. "'ಅಣ್ಣಾ, ಈಗ ನನ್ನ ಮಗನ ಧ್ವನಿಯನ್ನೂ ಕಲಿತುಬಿಟ್ಟೆಯಾ' ಅಂತಿದ್ದಾಳೆ. ನಾನು ಈಗಲೇ ಹೊರಡ್ತೀನಿ."

ಕುಲಕರ್ಣಿ ಮುಖ ಒರೆಸಿಕೊಂಡು ಬೇರೆ ರೋಗಿಯ ಕಡೆ ಹೋದರು. ನರ್ಸಿಗೂ ಕೆಲಸವಿತ್ತು. ತಪ್ಪು ನನ್ನದಾದ್ದರಿಂದ ನಾನು ಅಲ್ಲೇ ಮೂಲೆಯಲ್ಲಿ ನಿಂತೆ. ಡಾಲಸ್‌ನಿಂದ ನಾಲ್ಕು ಗಂಟೆಯ ದಾರಿ. ಹೊರಗೆ ಮಧ್ಯಾಹ್ನದ ಸುಡುಬಿಸಿಲು, ಒಳಗೆ ನನ್ನ ತೋಳಿನ ಮೇಲೆ ಮುಳ್ಳು ಎದ್ದಿತ್ತು. ನಮ್ಮಜ್ಜಿಯ ಕಾಲದಲ್ಲಿ ಬಾಗಿಲ ಮೇಲೆ ನಾಳೆ ಬಾ ಎಂದು ಬರೆಯುತ್ತಿದ್ದರು. ಮನೆಯವರ ಧ್ವನಿಯಲ್ಲೇ ಹೆಸರು ಹಿಡಿದು ಕರೆಯುವುದೊಂದು ಬರುತ್ತದೆ, ಅದರ ಪಾದ ಹಿಂದುಮುಂದು, ಓ ಎಂದರೆ ಹೋದಿರಿ ಎಂದು. ಅದು ಟೆಕ್ಸಾಸ್‌ವರೆಗೆ ಫೋನ್ ಹಿಡಿದುಕೊಂಡು ಬರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹೊದಿಕೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ನಾನೂ ಅದೇ ಲೆಕ್ಕದಲ್ಲಿ ಉಸಿರಾಡತೊಡಗಿದ್ದೆ.

ಸುಮ್ಮನಿರಲಾರದೆ ಸ್ಟ್ಯಾಂಡನ್ನು ಕಾರಿಡಾರಿಗೆ ತಳ್ಳಿಕೊಂಡು ಹೋಗಿ ಮತ್ತೆ ಫುಲಾನಿ ಒತ್ತಿದೆ. ಅದೇ ಮನುಷ್ಯ ಸಿಕ್ಕಿದ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ, "ಆ ಮುದುಕಮ್ಮ ನಿಜವಾಗಿ ಅಲ್ಲಿದ್ದಾರಾ, ಮೇಡಂ?"

"ಯಾಕೆ?"

"ಅವರು ಆಡಿದ ಆ ಒಂದು ಮಾತು... ನಮ್ಮ ಕಡೆ ಈಗ ಯಾರೂ ಹಾಗೆ ಆಡಲ್ಲ. ನಮ್ಮಜ್ಜಿ ಕತೆ ಹೇಳುವಾಗ ಹಾಗೆ ಆಡ್ತಿದ್ದರು. ಅಜ್ಜಿ ಹೋಗಿ ಮೂವತ್ತು ವರ್ಷ ಆಯ್ತು. ಬೆಳಗ್ಗೆಯಿಂದ ನನಗೆ ಕೈಕಾಲು ಆಡ್ತಿಲ್ಲ."

ಅಂದರೆ ಅವರು ಇವನನ್ನು ದೆವ್ವವೆಂದುಕೊಂಡಿದ್ದಾರೆ, ಇವನು ಅವರನ್ನು! ಇಬ್ಬರನ್ನೂ ಒಂದು ಡಬ್ಬಿಗೆ ಸುರಿದವಳು ನಾನು.

ಮೂರು ಗಂಟೆಯ ಹೊತ್ತಿಗೆ ಇಬ್ರಾಹಿಮಾ ಓಡಿಬಂದ. ಮಂಚದ ಪಕ್ಕ ಕೂತು ಹೊದಿಕೆಯೊಳಗೆ ಕೈ ಹಾಕಿ ತಾಯಿಯ ಕೈ ಹಿಡಿದುಕೊಂಡ. ಬಹಳ ಹೊತ್ತು ಪಿಸುಮಾತು ನಡೆಯಿತು. ಆಮೇಲೆ ಅವನು ತಿಳಿಸಿದ. ತಾಯಿಗೆ ಒಬ್ಬ ಅಣ್ಣನಿದ್ದ. ವ್ಯಾಪಾರಕ್ಕೆಂದು ಪೂರ್ವಕ್ಕೆ ಹೋದವನು ತಿರುಗಿ ಬರಲಿಲ್ಲ. ಫೋನಿನವನು ಗೌರವಕ್ಕೆಂದು ಬಳಸಿದ ಒಂದು ಪದ ಇವರ ಊರಿನಲ್ಲಿ ಬೇರೆ ಅರ್ಥದ್ದು, ಆ ಅಣ್ಣ ಮಾತ್ರ ತಂಗಿಯನ್ನು ಹಾಗೆ ಕರೆಯುತ್ತಿದ್ದ. "ಮಾತೆಲ್ಲ ನಮ್ಮದೇ, ಆದರೆ ಎಲ್ಲ ಜಾಗ ತಪ್ಪಿ ಕೂತಿದ್ದವು. ಸತ್ತವರು ಹಾಗೇ ಮಾತಾಡೋದು ಅಂತಾಳೆ ಅಮ್ಮ."

ನನಗೆ ಇದು ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಕುಲಕರ್ಣಿ ಒಮ್ಮೆ, "ನಮ್ಮ ಅವ್ವ ಬಂದಾಳ," ಎಂದಾಗ, ನಮ್ಮ ಮನೆಯಲ್ಲಿ ಅವ್ವ ಎಂದರೆ ಅಜ್ಜಿಯಾದ್ದರಿಂದ, ನಾನು ಅವರ ಅಜ್ಜಿ ಬಂದಿದ್ದಾರೆಂದು ತಿಳಿದು, ಬಂದ ತಾಯಿಯ ಜೊತೆ ಮಗನನ್ನು ಮೊಮ್ಮಗ ಎಂದೇ ಮಾತಾಡಿ ಮುಗಿಸಿದ್ದೆ.

"ಅದು ಮನುಷ್ಯನ ಧ್ವನಿ ಅಂತ ನಾವು ಹೆಂಗ ತೋರಿಸೂದು, ಕೇಳ್ರಿ," ಎಂದರು ಅಷ್ಟರಲ್ಲಿ ಮರಳಿ ಬಂದಿದ್ದ ಕುಲಕರ್ಣಿ. ನಾನು ಅದನ್ನು ಇಬ್ರಾಹಿಮಾನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ತಾಯಿಯನ್ನು ಕೇಳಿ ನಾಚಿಕೊಂಡ. "ಸತ್ತವರಿಗೆ ಮಾತು ಬರುತ್ತಂತೆ, ಅಗಿಯೋಕೆ ಬರಲ್ವಂತೆ. ಅವನು ಏನಾದರೂ ತಿನ್ನಲಿ ಅಂತಾಳೆ."

ಫೋನ್ ಹಚ್ಚಿದೆವು. ದುಭಾಷಿಗೆ ವಿಷಯ ಹೇಳಿದೆ. ಒಂದು ಡ್ರಾಯರ್ ಎಳೆದ ಸದ್ದು, ಪ್ಲಾಸ್ಟಿಕ್ ಪೊಟ್ಟಣ ಹರಿದ ಸದ್ದು. ಆಮೇಲೆ ಕರಂ ಕುರುಂ ಎಂದು ಇಡೀ ಕೋಣೆ ತುಂಬುವಂತೆ ಅಗಿಯುವ ಸದ್ದು. "ಹಲ್ಲು ಗಟ್ಟಿ ಅದಾವ," ಎಂದರು ಕುಲಕರ್ಣಿ ಮೆಲ್ಲಗೆ. ಆ ಮನುಷ್ಯ ನುಂಗುವಾಗ ಗಂಟಲಿಗೆ ಸಿಕ್ಕಿ ಕೆಮ್ಮಿದ.

ಹೊದಿಕೆ ನಿಧಾನವಾಗಿ ಕೆಳಗಿಳಿಯಿತು. ತೆಳ್ಳನೆಯ, ಉದ್ದ ಮೂಗಿನ ಮುಖ. ಕಣ್ಣಲ್ಲಿ ನೀರಿತ್ತು, ಸ್ವಲ್ಪ ನಿರಾಸೆಯೂ ಇತ್ತೇನೋ. ಭಯಪಟ್ಟಿದ್ದು ನಿಜ, ಆದರೆ ಅಣ್ಣನಲ್ಲ ಎಂದು ಈಗ ಖಚಿತವಾಗಿತ್ತಲ್ಲ.

ಆಪರೇಷನ್ನಿನ ಒಪ್ಪಿಗೆಯ ಮಾತು ಮುಗಿದ ಮೇಲೆ ನಾನು ತಪ್ಪೊಪ್ಪಿಕೊಂಡು, ಹಾಗಾದರೆ ಏನೆಂದು ಬರೆಯಲಿ ಎಂದು ಕೇಳಿದೆ. ಭಾಷೆ ಪುಲಾರ್ ಎಂದರು. ಜನ? ಮರಿಯಾಮಾ ಒಂದು ಬೆರಳೆತ್ತಿ "ಪುಲ್ಲೊ" ಎಂದರು. ಐದೂ ಬೆರಳು ಬಿಚ್ಚಿ "ಫುಲ್ಬೆ" ಎಂದರು. ಒಬ್ಬರಿದ್ದರೆ ಒಂದು ಹೆಸರು, ಹಲವರಿದ್ದರೆ ಇನ್ನೊಂದು. ಅದೇ ಗಳಿಗೆಯಲ್ಲಿ ಫೋನಿನಿಂದಲೂ ಪುಲ್ಲೊ, ಫುಲ್ಬೆ ಎಂದು ಕೇಳಿತು. ಅವರ ಬೆರಳು ಕಾಣದ, ಸಾವಿರಾರು ಮೈಲಿ ಆಚೆಯ ಊರಿನವನ ಬಾಯಲ್ಲಿ ಆ ಎರಡು ಪದ ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಅವರಿಬ್ಬರೂ ನಕ್ಕರು. ನಾನು ಮಾತ್ರ ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ನಾಲ್ಕು ಹೆಸರನ್ನೂ ಪಟ್ಟಿಗೆ ಮತ್ತೆ ಸೇರಿಸಿ, ಯಾವುದು ಯಾವ ಕಡೆಯವರಿಗೆ ಎಂದು ಒಂದೊಂದು ಸಾಲು ಬರೆದೆ. ಶ್ರೀಧರರಿಗೆ ಹೇಳಿದಾಗ, "ಸದ್ಯ, ಈ ಸಲ ನೊರೆ ಬರಲಿಲ್ಲ," ಎಂದರು.

ಮರಿಯಾಮಾ ಮನೆಗೆ ಹೊರಟ ದಿನ ವಿದಾಯ ಹೇಳಲು ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿದವರೇ ಮಗನ ತೋಳು ಬಿಗಿಯಾಗಿ ಹಿಡಿದುಕೊಂಡರು. ಚೀಲದಿಂದ ಒಂದು ಖರ್ಜೂರ ತೆಗೆದು, ದೂರದಿಂದಲೇ ನನ್ನ ಕಡೆ ಚಾಚಿದರು.

"ದಯವಿಟ್ಟು ಇಲ್ಲೇ ತಿನ್ನಿ, ಮೇಡಂ," ಎಂದ ಇಬ್ರಾಹಿಮಾ ತಲೆ ತಗ್ಗಿಸಿ. "ಫೋನಿನವನ ಅನುಮಾನ ಅವತ್ತೇ ಹೋಯಿತು. ಆದರೆ ಮೂಲೆಯಲ್ಲಿ ಒಬ್ಬಳು ಹೆಂಗಸು ಇಡೀ ಮಧ್ಯಾಹ್ನ ಮಾತಿಲ್ಲದೆ ನಿಂತಿದ್ದಳು, ನಾನು ಉಸಿರೆಳೆದಾಗ ಅವಳೂ ಎಳೀತಿದ್ದಳು, ಬಟ್ಟೆಯ ಸಂದಿಯಿಂದ ನೋಡಿದೆ ಅಂತಾಳೆ ಅಮ್ಮ. ಐದು ದಿನದಿಂದ ಅಮ್ಮ ನಿದ್ದೆ ಮಾಡಿಲ್ಲ."

ಅವತ್ತು ಏಕಾದಶಿ, ಬೆಳಗ್ಗೆಯಿಂದ ಹನಿ ನೀರೂ ಮುಟ್ಟಿರಲಿಲ್ಲ. ಆದರೂ ಖರ್ಜೂರ ಬಾಯಿಗೆ ಹಾಕಿಕೊಂಡು, ಸದ್ದು ಬರಲೆಂದು ಬೀಜವನ್ನೂ ಕಡಿದೆ. ಮರಿಯಾಮಾ ಕೊನೆಯವರೆಗೂ ನನ್ನ ದವಡೆಯನ್ನೇ ನೋಡಿದರು. ಆಮೇಲೆ ಅವರ ಕಣ್ಣು ನನ್ನ ಪಾದದ ಕಡೆ ಇಳಿಯಿತು. ನಾನೂ ಬಗ್ಗಿ ನೋಡಿಕೊಂಡೆ.